ಸಾಲಿನಲ್ಲಿ ನಿಂತ ಚಪ್ಪಲಿ

"ನನ್ನ ರಾಜ್ಯದಲ್ಲಿ ದೊಡ್ಡವರು ಯಾರೂ ಸಾಲಿನಲ್ಲಿ ನಿಲ್ಲುವುದಿಲ್ಲ, ಚಿಕ್ಕವರು ಯಾರೂ ಸಾಲು ತಪ್ಪಿಸುವುದಿಲ್ಲ. ಇದಕ್ಕಿಂತ ನ್ಯಾಯ ಇನ್ನೆಲ್ಲಿದೆ?" ಎಂದು ಕಂಚಿನಕೋಟೆಯ ಗಜಪಾಲ ದೊರೆ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಸಭೆ ಭಲೇ ಭಲೇ ಎಂದಿತು. ವಿದೂಷಕ ಓಬಳಯ್ಯ ಮಾತ್ರ ಕೆಮ್ಮಿದ. ಓಬಳಯ್ಯ ಕೆಮ್ಮಿದನೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಲೆಕ್ಕ.

ವಿಷಯ ಇಷ್ಟು. ದೊರೆ ಅರಮನೆ ತೋಟದಲ್ಲಿ ತೆಂಗಿನಮರಕ್ಕಿಂತ ಎತ್ತರದ ಒಂದು ತಿರುಗುತೊಟ್ಟಿಲು ಮಾಡಿಸಿದ್ದ. ಕೆಳಗೆ ನಾಲ್ಕು ಜೋಡಿ ಎತ್ತು ಸುತ್ತಿದರೆ ಹನ್ನೆರಡು ತೊಟ್ಟಿಲುಗಳು ಮೇಲೆ ಹೋಗಿ ಕೆಳಗೆ ಬರುತ್ತಿದ್ದವು. ಯಾರು ಬೇಕಾದರೂ ಹತ್ತಬಹುದು, ಕಾಸು ಕೇಳುವವರಿಲ್ಲ. ಇಡೀ ಊರೇ ಬಂದು ನಿಂತಿತು. ಸಾಲು ತೋಟ ದಾಟಿ, ಕೆರೆ ಏರಿ ದಾಟಿ, ಸ್ಮಶಾನದ ಬಾಗಿಲು ಮುಟ್ಟಿತು. ಅಲ್ಲಿ ನಿಂತವರಿಗೆ ತಾವು ಯಾವುದಕ್ಕೆ ಕಾಯುತ್ತಿದ್ದೇವೆ ಎಂಬುದೇ ಮರೆತುಹೋಗಿತ್ತು.

ಆಗ ಮಂತ್ರಿ ದಂಡಪ್ಪಯ್ಯ ಹಿತ್ತಾಳೆ ಬಿಲ್ಲೆ ಕಂಡುಹಿಡಿದ. ಬಿಲ್ಲೆಯನ್ನು ಕೊರಳಿಗೆ ಹಾಕಿಕೊಂಡವರು ಸೀದಾ ಸಾಲಿನ ಮುಂದಕ್ಕೆ ಹೋಗಬಹುದು. ದಂಡಪ್ಪಯ್ಯನ ಮನೆಗೆ ತುಪ್ಪದ ಗಡಿಗೆ ಕಳಿಸಿದವರೆಲ್ಲ ರಾತ್ರೋರಾತ್ರಿ ಗಣ್ಯರಾದರು. ಗಣ್ಯರು ಎಷ್ಟು ಹೆಚ್ಚಿದರೆಂದರೆ, ಸಾಲು ಕೆಲವು ದಿನ ಹಿಂದಕ್ಕೂ ಹೋಗುತ್ತಿತ್ತು.

ಆ ಸಂಜೆ ಓಬಳಯ್ಯ ತೋಟಕ್ಕೆ ಹೋದಾಗ, ಬೇವಿನ ಮರದ ಕೆಳಗೆ ಬಡಗಿ ಕಾಳಾಚಾರಿ ಕೂತಿದ್ದ. ತಿರುಗುತೊಟ್ಟಿಲು ಕಟ್ಟಿದವನೇ ಅವನು. ಕೊನೆಯ ಬೆಣೆ ಬಡಿಯುವಾಗ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದ.

"ಏನು ಆಚಾರ್ರೇ, ಒಂದು ಸುತ್ತು ಹಾಕಿದ್ರಾ?"

"ಎಲ್ಲಿ ಸ್ವಾಮಿ! ಅದರ ತುದಿಯಿಂದ ಬಿದ್ದಿದ್ದೀನಿ, ತೊಟ್ಟಿಲಲ್ಲಿ ಕೂತು ಇನ್ನೂ ಇಳಿದಿಲ್ಲ. ಮಳೆಗಾಲ ಬಂತು ಅಂತ ನಾಳಿದ್ದು ಬಿಚ್ಚಿಹಾಕ್ತಾರಂತೆ. ಅಷ್ಟರಲ್ಲಿ ಒಂದೇ ಒಂದು ಸಲ ಕೂತು ಸುತ್ತಿದ್ರೆ ಸಾಕಿತ್ತು."

"ಕಾಲು ಮುರಿದವರಿಗೆ ಬಿಲ್ಲೆ ಕೊಡಲ್ವಾ?"

"ಕೊಡ್ತಾರೆ. ನಿಲ್ಲೋಕಾಗಲ್ಲ ಅಂತ ಅರ್ಜಿ ಕೊಡ್ಬೇಕು. ಅರ್ಜಿ ಕೊಡೋಕೆ ಅರ್ಧ ದಿನ ಸಾಲಲ್ಲಿ ನಿಲ್ಬೇಕು. ಹಲ್ಲು ಕಚ್ಚಿಕೊಂಡು ನಿಂತೆ. 'ಅರ್ಧ ದಿನ ನಿಂತಿದ್ದೀಯಲ್ಲಯ್ಯ, ನಿನಗೆ ನಿಲ್ಲೋಕಾಗುತ್ತೆ, ನಡಿ' ಅಂದ್ರು."

ಓಬಳಯ್ಯನಿಗೆ ನಗು ಬಂತು. ಆಚಾರಿಯ ಕಾಲಿನ ಕಟ್ಟು ನೋಡಿ ನುಂಗಿಕೊಂಡ.

"ಆಮೇಲೆ ಸಾಲಲ್ಲಿ ನನ್ನ ಚಪ್ಪಲಿ ಇಟ್ಟು ಇಲ್ಲಿ ಬಂದು ಕೂತೆ ಸ್ವಾಮಿ. ಜನ ಒಳ್ಳೆಯವರು. ಐದು ದಿನ ಕಾಲಲ್ಲೇ ತಳ್ಳಿಕೊಂಡು ಮುಂದೆ ತಂದ್ರು. ಇನ್ನು ಮುಂದೆ ಹತ್ತೇ ಜನ ಇದ್ರು. ಮಂತ್ರಿಗಳು ಬಂದು ಎತ್ತಿ ಬೇಲಿ ಆಚೆ ಎಸೆದುಬಿಟ್ರು."

ಓಬಳಯ್ಯ ನೆಟ್ಟಗೆ ದೊರೆಯ ಬಳಿ ಹೋದ. ದೊರೆ ಕೇಳಿ ಕೆರಳಿದ. "ಚಪ್ಪಲಿ ಚಪ್ಪಲಿಯೇ! ಅದು ಮನುಷ್ಯನ ಜಾಗ ಹಿಡಿಯುವುದುಂಟೇ? ಚಪ್ಪಲಿ ಇಟ್ಟ ಜಾಗ ಖಾಲಿ ಜಾಗ. ಯಾರು ಬೇಕಾದರೂ ಬಂದು ಸೇರಿಕೊಳ್ಳಲಿ."

"ಇದು ಎಲ್ಲ ಕಡೆಗೂ ಅನ್ವಯವೇ ಪ್ರಭು?"

"ನನ್ನ ರಾಜ್ಯದ ಮೂಲೆಮೂಲೆಗೂ!"

"ಬರೆದು ಮೊಹರು ಹಾಕಿಕೊಡಿ. ಜನ ನನ್ನ ಬಾಯಿಮಾತು ನಂಬುವುದಿಲ್ಲ."

ದೊರೆ ಬರೆಸಿ, ಮೊಹರು ಒತ್ತಿ ಕೊಟ್ಟ.

ಈ ದೊರೆಗೆ ಬೆಳಗಿನ ನಿದ್ದೆ ಎಂದರೆ ಪ್ರಾಣ. ಸಭೆಯೋ ಹೊತ್ತು ಮೂಡುವಾಗಲೇ ಸೇರಬೇಕು. ಅದಕ್ಕೆ ಅವನ ಅಜ್ಜನ ಕಾಲದಿಂದ ಒಂದು ಪದ್ಧತಿ ಇತ್ತು. ದೊರೆ ಏಳುವವರೆಗೆ ಅವನ ಜರತಾರಿ ಚಪ್ಪಲಿಗಳನ್ನು ಸಿಂಹಾಸನದ ಮೇಲೆ ಇಡುತ್ತಿದ್ದರು. ಸಭಾಸದರು ಅವಕ್ಕೇ ಕೈಮುಗಿದು ಸಾಲಾಗಿ ನಿಲ್ಲುತ್ತಿದ್ದರು. "ಇವತ್ತು ಎಡಗಡೆಯದಕ್ಕೆ ಸ್ವಲ್ಪ ಸಿಟ್ಟು ಬಂದ ಹಾಗಿದೆ" ಎಂದು ದಂಡಪ್ಪಯ್ಯ ಪಿಸುಗುಟ್ಟುವುದೂ ಇತ್ತು.

ಮರುದಿನ ಬೆಳಗ್ಗೆ ಓಬಳಯ್ಯ ಬಂದ. ಸಿಂಹಾಸನದ ಚಪ್ಪಲಿಗಳನ್ನು ಎತ್ತಿ ಬಾಗಿಲಾಚೆ ಇಟ್ಟ. ಮೇಲೆ ಹತ್ತಿ ಚಕ್ಕಳಮಕ್ಕಳ ಹಾಕಿ ಕೂತು ಕಡಲೆಪುರಿ ಮುಕ್ಕತೊಡಗಿದ.

ಹಾಹಾಕಾರ ಎದ್ದಿತು. ದೊರೆ ಬರಿಗಾಲಲ್ಲಿ, ಪೇಟ ಕೈಯಲ್ಲಿ ಹಿಡಿದು ಓಡಿ ಬಂದ. "ಇಳಿಯೋ ಕೆಳಗೆ! ಅದು ನನ್ನ ಜಾಗ!"

"ಇಲ್ಲಿ ಯಾರೂ ಇರಲಿಲ್ಲವಲ್ಲ ಪ್ರಭು. ಎರಡು ಚಪ್ಪಲಿ ಬಿದ್ದಿದ್ದವು, ಅಷ್ಟೇ," ಎಂದು ಓಬಳಯ್ಯ ಮೊಹರಿನ ಓಲೆ ತೆಗೆದು ಗಟ್ಟಿಯಾಗಿ ಓದಿದ.

"ನಿನ್ನ ತಲೆ ತೆಗೆಸುತ್ತೇನೆ!"

"ತೆಗೆಸಬಹುದು. ಆದರೆ ಅಪ್ಪಣೆ ಕೊಡುವವರು ಸಿಂಹಾಸನದ ಮೇಲೆ ಕೂತಿರಬೇಕು. ಈಗ ಕೂತಿರುವವನು ನಾನು. ನನಗೆ ಮನಸ್ಸಿಲ್ಲ."

ಕಾವಲುಭಟರು ಇಬ್ಬರ ಮುಖವನ್ನೂ ನೋಡಿ, ಯಾವುದಕ್ಕೂ ಇರಲಿ ಎಂದು ಇಬ್ಬರಿಗೂ ಕೈಮುಗಿದರು.

"ಲೋ ಓಬಳಯ್ಯ," ದೊರೆ ಕಾಲು ನೆಲಕ್ಕೆ ಅಪ್ಪಳಿಸಿದ, "ನನ್ನ ಚಪ್ಪಲಿ ಅಲ್ಲಿದ್ದರೆ ನಾನೇ ಅಲ್ಲಿದ್ದ ಹಾಗೆ!"

"ಹಾಗಾದರೆ ಕಾಳಾಚಾರಿಯೂ ಸಾಲಿನಲ್ಲೇ ಇದ್ದ. ಕಾಲು ಮುರಿದ ಆ ಮನುಷ್ಯನನ್ನು ಮಂತ್ರಿಗಳು ಎತ್ತಿ ಬೇಲಿಯಾಚೆ ಎಸೆದಿದ್ದಾರೆ ಪ್ರಭು."

ದೊರೆ ಮಂತ್ರಿಯ ಕಡೆ ತಿರುಗಿದ. ದಂಡಪ್ಪಯ್ಯ ಕಂಬದ ಹಿಂದೆ ಸರಿದ. ಕೊನೆಗೆ ದೊರೆಗೆ ನಗು ತಡೆಯಲಾಗಲಿಲ್ಲ. "ಸೋತೆ ಕಣೋ. ಆಚಾರಿಯನ್ನು ಪಲ್ಲಕ್ಕಿಯಲ್ಲಿ ಕರೆತನ್ನಿ. ಇನ್ನು ಮೇಲೆ ನಿಲ್ಲಲಾಗದವರ ಚಪ್ಪಲಿ ಸಾಲಿನಲ್ಲಿ ನಿಲ್ಲಲಿ. ಆದರೆ ಬಿಲ್ಲೆಯವರನ್ನು ಏನು ಮಾಡಲಿ? ಅವರಿಗೆ ಮಾತು ಕೊಟ್ಟಿದ್ದೇನೆ."

ಓಬಳಯ್ಯ ಕೆಳಗಿಳಿದು ಸಿಂಹಾಸನದ ಮೇಲಿನ ಪುರಿ ಒರೆಸಿದ. "ಮಾತು ತಪ್ಪಬೇಡಿ. ಗಣ್ಯರು ಮುಂದೆಯೇ ಹೋಗಲಿ. ಆದರೆ ಜಾಗ ಹಿಡಿಯುವುದು ಚಪ್ಪಲಿ ಎಂದು ಈಗ ತೀರ್ಮಾನವಾಯಿತಲ್ಲ. ಹಿತ್ತಾಳೆಗೆ ಬದಲು ಅವರವರ ಚಪ್ಪಲಿಯನ್ನೇ ಕೊರಳಿಗೆ ಹಾಕಿಕೊಂಡು ಹೋಗಲಿ."

ಆ ದಿನ ಒಬ್ಬ ಗಣ್ಯನೂ ಮುಂದೆ ಹೋಗಲಿಲ್ಲ. ದಂಡಪ್ಪಯ್ಯನೂ ಸ್ಮಶಾನದ ಬಾಗಿಲಲ್ಲಿ ವಿನಯವಾಗಿ ನಿಂತಿದ್ದ. ಕಾಳಾಚಾರಿ ಮೂರು ಸುತ್ತು ಹಾಕಿದ. ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಾ, "ಆ ಮೂರನೇ ತೊಟ್ಟಿಲು ಕಿರುಗುಟ್ಟುತ್ತೆ, ಎಣ್ಣೆ ಬಿಡ್ರೋ!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದ.

ಸಂಜೆ ದೊರೆಗೂ ಹತ್ತುವ ಆಸೆಯಾಯಿತು. ತೋಟಕ್ಕೆ ಬಂದು ಸಾಲಿನ ಉದ್ದ ನೋಡಿದ. ಅತ್ತಿತ್ತ ಕಣ್ಣಾಡಿಸಿ, ಮೆಲ್ಲಗೆ ಬಗ್ಗಿ, ಕಾಲಿನ ಚಪ್ಪಲಿ ಬಿಚ್ಚತೊಡಗಿದ.

ಪಕ್ಕದಲ್ಲಿದ್ದ ಓಬಳಯ್ಯ ಕೈಮುಗಿದು ಕೇಳಿದ, "ಸಾಲಿಗೋ ಪ್ರಭು, ಕೊರಳಿಗೋ?"