ಗೆರೆಯಾಚೆಯ ಕ್ರಿಸ್ಮಸ್

“ಗುರುಗಳೇ, ಕೊಟ್ಟ ಮಾತಿನಲ್ಲಿ ಒಂದಕ್ಷರವನ್ನೂ ನಾನು ಮುರಿದಿಲ್ಲ. ಆದರೂ ನರಹರಿ ನನ್ನ ಮುಖ ನೋಡುತ್ತಿಲ್ಲ. ತಪ್ಪು ಯಾರದು?” ಎಂದು ಶಿಷ್ಯ ಮುರಾರಿ ಕೇಳಿದ.

ನಡೆದದ್ದು ಗುರುಗಳಿಗೆ ಗೊತ್ತಿತ್ತು. ನರಹರಿ ತಿಂಗಳಿಡೀ ಮುರಾರಿಯ ಪಾಲಿನ ನೀರು ಸೇದಿದ್ದ. ಅದಕ್ಕೆ ಪ್ರತಿಯಾಗಿ ಹದಿನಾಲ್ಕನೇ ತಾರೀಖು ಮಠದ ಅಡುಗೆಯನ್ನೆಲ್ಲ ತಾನೊಬ್ಬನೇ ಮಾಡುವೆನೆಂದು ಮುರಾರಿ ಮಾತು ಕೊಟ್ಟಿದ್ದ. ಹದಿನಾಲ್ಕು ಏಕಾದಶಿ. ಅಂದು ಮಠದಲ್ಲಿ ಒಲೆಯನ್ನೇ ಹೊತ್ತಿಸುವುದಿಲ್ಲ.

ಗುರುಗಳು ಸನ್ಯಾಸಕ್ಕೆ ಮೊದಲು ಕಡಲಲ್ಲಿ ದುಡಿದವರು. ಸಿಟ್ಟು ಬಂದರೆ ಮೆಲ್ಲಗೆ ಮಾತಾಡುತ್ತಿದ್ದರು. ಅಂದು ಬಹಳ ಮೆಲ್ಲಗೆ ಹೇಳತೊಡಗಿದರು.

ಒಬ್ಬ ಧಣಿಗೆ ತನ್ನ ಹಾಯಿದೋಣಿಯಲ್ಲಿ ಮಹಾಸಾಗರ ದಾಟುವ ಹುಚ್ಚು ಹಿಡಿಯಿತು. ನಮ್ಮ ಕರಾವಳಿಯ ಒಬ್ಬ ಕ್ರೈಸ್ತ ನಾವಿಕನನ್ನು ಜೊತೆಗೆ ಕರೆದುಕೊಂಡ. ದೋಣಿಯಲ್ಲಿ ಇದ್ದವರು ಇಬ್ಬರೇ. ಹಗಲೂ ರಾತ್ರಿ ಇಬ್ಬರಲ್ಲೊಬ್ಬರು ಚುಕ್ಕಾಣಿ ಹಿಡಿದಿರಲೇಬೇಕು.

ನಾವಿಕ ಹನ್ನೊಂದು ಕ್ರಿಸ್ಮಸ್‌ಗಳನ್ನು ಕಡಲ ಮೇಲೆ ದುಡಿಯುತ್ತಲೇ ಕಳೆದಿದ್ದ. “ಪಪ್ಪಾ, ಅಲ್ಲಿ ನಿಮಗೂ ಹಬ್ಬ ಉಂಟಾ?” ಎಂದು ಮಗಳು ಪ್ರತಿ ವರ್ಷ ಕೇಳುತ್ತಿದ್ದಳು. ಉಂಟು ಎಂದು ಇವನು ಪ್ರತಿ ವರ್ಷ ಸುಳ್ಳು ಹೇಳುತ್ತಿದ್ದ. ಈ ಸಲವಾದರೂ ಅದು ನಿಜವಾಗಬೇಕೆಂದು ಅವನಿಗೆ ಆಸೆ.

ಧಣಿ ಮೈಗಳ್ಳ. “ನಲವತ್ತು ದಿನ ನನ್ನ ಬೆಳಗಿನ ಪಾಳಿಯನ್ನೂ ನೀನೇ ಮಾಡು. ಡಿಸೆಂಬರ್ ಇಪ್ಪತ್ತೈದಕ್ಕೆ ಸೂರ್ಯ ಹುಟ್ಟಿದಾಗಿನಿಂದ ಮುಳುಗುವ ತನಕ ಚುಕ್ಕಾಣಿ ನನ್ನದು. ನೀನು ಒಂದು ಹಗ್ಗವನ್ನೂ ಮುಟ್ಟಬೇಡ” ಎಂದ. ನಾವಿಕ ನಂಬಿದ. ನಲವತ್ತು ದಿನ ಅರೆನಿದ್ದೆಯಲ್ಲಿ ದುಡಿದ. ಅಂಗೈ ಬಿರಿದು ರಕ್ತ ಬಂತು.

ಆ ಸಾಗರದ ನಡುವೆ ಒಂದು ಗೆರೆಯಿದೆ. ನೀರಿನ ಮೇಲೆ ಕಾಣದು, ನಕ್ಷೆಯಲ್ಲಿ ಮಾತ್ರ. ಪೂರ್ವದಿಂದ ಪಶ್ಚಿಮಕ್ಕೆ ಅದನ್ನು ದಾಟಿದವರು ತಾರೀಖನ್ನು ಒಂದು ದಿನ ಮುಂದೆ ಹಾಕಿಕೊಳ್ಳಬೇಕು. ನಾವಿಕನಿಗೆ ಇದು ತಿಳಿಯದ್ದೇನಲ್ಲ. ಹಬ್ಬದ ಗುಂಗಿನಲ್ಲಿ ಮರೆತಿದ್ದ.

ಇಪ್ಪತ್ತೈದರ ಬೆಳಿಗ್ಗೆ ಅವನು ಮುಖ ತೊಳೆದು, ಹೆಂಡತಿ ಹೊಲಿದುಕೊಟ್ಟ ಹೊಸ ಅಂಗಿ ತೊಟ್ಟು, ಅವಳು ಕಟ್ಟಿಕೊಟ್ಟ ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ, ಡಬ್ಬಿಯನ್ನು ಪಕ್ಕದಲ್ಲಿಟ್ಟುಕೊಂಡು ಚುಕ್ಕಾಣಿಯ ಬಳಿ ಕಾದ. ಸೂರ್ಯ ಹುಟ್ಟಿದ. ಧಣಿ ಮೇಲೆ ಬಂದ. ನಕ್ಷೆ ನೋಡಿ ನಕ್ಕ.

“ಸೂರ್ಯ ಹುಟ್ಟುವ ಮೊದಲೇ ಗೆರೆ ದಾಟಿದೆವಲ್ಲ ಮಾರಾಯ. ಇವತ್ತು ಇಪ್ಪತ್ತಾರು. ನಾನು ಹೇಳಿದ್ದು ಇಪ್ಪತ್ತೈದಕ್ಕೆ” ಎಂದು ಮತ್ತೆ ಮಲಗಲು ಹೋದ.

ಎರಡು ದಿನದಿಂದ ಧಣಿ, ಇನ್ನೂ ಹಾಯಿ ಏರಿಸು, ಬೇಗ ಹೋಗಲಿ ಎಂದು ಯಾಕೆ ಬೆನ್ನು ಹತ್ತಿದ್ದನೆಂದು ನಾವಿಕನಿಗೆ ಆಗ ಹೊಳೆಯಿತು. ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದ ಬೈಗುಳವನ್ನು ಹಬ್ಬದ ದಿನವೆಂದು ನುಂಗಿಕೊಂಡ. ಹಾಯಿ ಬಿಗಿದು ದೋಣಿಯನ್ನು ಬಂದ ದಾರಿಗೇ ತಿರುಗಿಸಿದ. ಬೆನ್ನಿಗಿದ್ದ ಗಾಳಿ ಎದುರಾಯಿತು. ಅಲೆಗಳು ಮೇಲೇರಿ ಬಡಿದವು. ಮಲಗಿದ್ದ ಧಣಿ ಉರುಳಿಬಿದ್ದು, ಕೂಗಾಡುತ್ತ ಓಡಿಬಂದ.

ನಾವಿಕ ಗೆರೆ ದಾಟುವ ತನಕ ಚುಕ್ಕಾಣಿ ಬಿಡಲಿಲ್ಲ. ದಾಟಿದ ಮೇಲೆ, “ಈಗ ಇಪ್ಪತ್ತೈದು, ಧಣಿ. ಹಿಡಿಯಿರಿ. ನೀವು ಪಶ್ಚಿಮಕ್ಕೆ ತಿರುಗಿಸಿದರೆ ನಾನು ಪುನಃ ಪೂರ್ವಕ್ಕೆ ತಿರುಗಿಸುತ್ತೇನೆ” ಎಂದು ಕೈ ತೆಗೆದ.

ಅಂದು ಸೂರ್ಯ ಮುಳುಗುವ ತನಕ ಧಣಿ ಹೋಗಬೇಕಾದ ಊರಿಗೆ ಬೆನ್ನು ಹಾಕಿ, ತೊಯ್ದು ತೊಪ್ಪೆಯಾಗಿ ದೋಣಿ ನಡೆಸಿದ. ನಾವಿಕ ಡಬ್ಬಿ ತೆರೆದ. ಒಂದು ತುಂಡು ತಿಂಡಿ ಬಾಯಿಗಿಟ್ಟ. ಸಿಟ್ಟಿನಲ್ಲಿ ರುಚಿಯೇ ಹತ್ತಲಿಲ್ಲ. ಪ್ರಾರ್ಥನೆಗೆ ಕೂತರೆ ನಾಲಿಗೆಗೆ ಬೆಳಗಿನ ಬೈಗುಳವೇ ಬಂತು. ಆ ವರ್ಷವೂ ಮಗಳಿಗೆ ಸುಳ್ಳನ್ನೇ ಹೇಳಬೇಕಾಯಿತು.

ಬಂದರು ಸೇರಿದ ಕೂಡಲೇ ನಾವಿಕ ಗಂಟು ಕಟ್ಟಿಕೊಂಡು ಇಳಿದುಹೋದ. ಧಣಿ ಮಾತ್ರ, ತಾನು ಆಡಿದ ಮಾತಿಗೆ ತಪ್ಪಿದವನಲ್ಲ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮುರಾರಿ ತಲೆ ತಗ್ಗಿಸಿದ್ದ. ಆದರೂ ಪಟ್ಟು ಬಿಡಲಿಲ್ಲ.

“ಆದರೆ ಗುರುಗಳೇ, ಧಣಿ ಹೇಳಿದ್ದು ಸುಳ್ಳಲ್ಲವಲ್ಲ?”

“ಸುಳ್ಳಾಗಿದ್ದರೆ ಅವನು ಕ್ಷಮೆಯನ್ನಾದರೂ ಕೇಳುತ್ತಿದ್ದ” ಎಂದರು ಗುರುಗಳು.