ವಾರೆಲೆ ಕೊಳ್ಳ

ಗಾಳಿಮೊರಡಿ ಕೋಟೆಯ ಬಡಗಣ ಗೋಡೆಯ ಕೆಳಗೆ, ನಡುಮಧ್ಯಾಹ್ನಕ್ಕಷ್ಟೇ ಬಿಸಿಲಿಳಿಯುವ ಒಂದು ತಗ್ಗಿದೆ. ಬೇಸಗೆಯಲ್ಲೂ ಬಂಡೆಯ ಸಂದಿನಿಂದ ನೀರು ಜಿನುಗುವ ಆ ಜಾಗದಲ್ಲಿ, ಈ ಸೀಮೆಯ ಬೇರೆಲ್ಲೂ ಕಾಣದ ಮರಗಳ ಮೆಳೆಯೊಂದು ಬೆಳೆದಿದೆ. ಗಿಡಮರ ಬಲ್ಲವರು ಬಂದು ನೋಡಿ, ಇದು ಹಿಮಾಲಯದ ಕಡೆಯ ಎಲ್ಮ್ ಮರ, ಯಾರೋ ತಂದು ನೆಟ್ಟಿರಬೇಕು ಎಂದು ಹೇಳಿಹೋಗಿದ್ದಾರೆ. ಊರವರು ಮಾತ್ರ ಆ ತಗ್ಗನ್ನು ವಾರೆಲೆ ಕೊಳ್ಳ ಎನ್ನುತ್ತಾರೆ. ಹೆಸರು ಬಂದದ್ದು ನಾಗಲವ್ವೆಯಿಂದ.

ಪಾಳೆಯಗಾರರ ಕಾಲದಲ್ಲಿ, ಹಿಂದೆ ಒಮ್ಮೆ, ಶತ್ರುಗಳು ಈ ಕೋಟೆಗೆ ಮುತ್ತಿಗೆ ಹಾಕಿದರಂತೆ. ಕಣಜಗಳು ಬರಿದಾದವು, ಲಾಯದ ಕುದುರೆಗಳೂ ಮುಗಿದವು. ಕಾವಲುಗಾರನಾಗಿದ್ದ ಗಂಡನನ್ನು ಮೊದಲ ಕಾಳಗದಲ್ಲೇ ಕಳೆದುಕೊಂಡಿದ್ದ ನಾಗಲವ್ವೆಗೆ ಉಳಿದದ್ದು ಮಗಳು ಚೆನ್ನಿ ಒಬ್ಬಳೇ. ಹಸಿವಿನಿಂದ ಆ ಮಗು ಅಳುವುದನ್ನೂ ಬಿಟ್ಟಿತ್ತು. ಆಗ ದಿಲಾವರನೆಂಬ ಲಾಯದ ಮುದುಕ ಅವಳನ್ನು ಕರೆದ. ಪ್ರಾಯದಲ್ಲಿ ಉತ್ತರದ ಬೆಟ್ಟಸೀಮೆಯಿಂದ ಕುದುರೆಗಳೊಡನೆ ಬಂದು ಇಲ್ಲೇ ನೆಲೆನಿಂತ ಅವನಿಗೆ ಈಗ ಕಣ್ಣು ಕಾಣುತ್ತಿರಲಿಲ್ಲ. "ತಾಯೀ, ನಮ್ಮೂರಿನ ಸಸಿಯೊಂದನ್ನು ತಂದು ಬಡಗಣ ತಗ್ಗಿನಲ್ಲಿ ನೆಟ್ಟಿದ್ದೆ. ಚಪ್ಪಟೆ ಬಿಲ್ಲೆಯಂಥ ಬೀಜದ ಮರ. ಒಳತೊಗಟೆ ಅರೆದು ಗಂಜಿ ಕಾಯಿಸಿದರೆ ಜೀವ ನಿಲ್ಲುತ್ತದೆ," ಎಂದ.

ಕೋಟೆಯ ನೀರು ಹೊರಹೋಗಲು ಗೋಡೆಯಲ್ಲಿ ಬಿಟ್ಟಿದ್ದ ನೀರುಗಂಡಿಯಲ್ಲಿ ನಾಗಲವ್ವೆ ನುಸುಳಿ ಹೊರಬಿದ್ದಳು. ತಗ್ಗು ತಲುಪುವ ಮೊದಲೇ ಇಳಿಜಾರಿನಲ್ಲಿ ಬಿಲ್ಲೆಬೀಜದ ಮರ ಕಂಡದ್ದೇ ತಡ, ತೊಗಟೆ ಸುಲಿದು ತಂದಳು. ಮಡಕೆ ಕುದಿಯುತ್ತಲೇ ಕೇರಿಯೆಲ್ಲ ನಾರಿತು. ಕುಡಿದ ಮಕ್ಕಳು ಕಾರಿಕೊಂಡರು. ಮುದುಕ ವಾಸನೆ ಹಿಡಿದು ಹಣೆ ಚಚ್ಚಿಕೊಂಡ. "ಇದು ನಿಮ್ಮ ತಪಸಿ ಮರ! ಬೀಜ ಎರಡಕ್ಕೂ ಒಂದೇ ತರಹ. ಎಲೆ ನೋಡು ತಾಯೀ. ನಮ್ಮದರ ಅಂಚೆಲ್ಲ ಗರಗಸ. ತೊಟ್ಟಿನ ಬಳಿ ಒಂದು ಮಗ್ಗುಲು ಮೇಲೆ, ಇನ್ನೊಂದು ಕೆಳಗೆ. ಒಣನೆಲದಲ್ಲಿ ಅದು ಬದುಕದು, ಕಾಲಿಗೆ ತಣ್ಣಗೆ ತಗಲುವ ಕಡೆ ಹುಡುಕು."

ಚೆನ್ನಿಯನ್ನು ನೆರೆಯ ಕಾಳವ್ವನ ಮಡಿಲಲ್ಲಿ ಹಾಕಿ, ಬೆಳಗಿನ ಮಂಜಿನಲ್ಲಿ ಆಕೆ ಮತ್ತೆ ಇಳಿದಳು. ಶತ್ರುಗಳ ಮಾತು ಕಿವಿಗೆ ಬೀಳುವಷ್ಟು ಹತ್ತಿರದಲ್ಲಿ, ಕೆಸರಿನಲ್ಲಿ ತೆವಳುತ್ತ, ಕೈಗೆ ಸಿಕ್ಕ ಎಲೆಯನ್ನೆಲ್ಲ ತಡವಿದಳು. ನುಣುಪು, ಮತ್ತೆ ನುಣುಪು. ಜಿನುಗಿನ ಬಾಯಿಗೇ ಬಂದಾಗ ಒಂದು ಎಲೆ ಬೆರಳಿಗೆ ಒರಟಾಗಿ ತಗಲಿತು. ತೊಟ್ಟು ಸವರಿದಳು. "ವಾರೆ... ವಾರೆಲೆ," ಎಂದು ಆ ಮರವನ್ನೇ ತಬ್ಬಿಕೊಂಡಳು. ಕುಡುಗೋಲು ಹಾಕಿ, ಹೊರಲಾಗುವಷ್ಟು ತೊಗಟೆ ಸುಲಿದಳು.

ನೀರುಗಂಡಿಯ ಬಾಯಲ್ಲಿ ಕಾಳವ್ವ ನಿಂತಿದ್ದಳು. ಅವಳ ಮಡಿಲು ಬರಿದಾಗಿತ್ತು. ನಾಗಲವ್ವೆಯ ಮುಖ ನೋಡಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ನಾಗಲವ್ವೆ ತೊಗಟೆಯ ಹೊರೆಯನ್ನು ಅವಳ ಕೈಗಿತ್ತಳಂತೆ. "ನಿನ್ನ ಮಕ್ಕಳು ಎಚ್ಚರವಾಗಿದ್ದಾವೇನೇ? ಒಲೆ ಹಚ್ಚು," ಎಂದಳು. ಆ ಗಂಜಿಯನ್ನು ಕೇರಿಯ ಮಕ್ಕಳಿಗೆಲ್ಲ ತಾನೇ ಕುಡಿಸಿದಳು. ಮಳೆ ಹಿಡಿದು ಶತ್ರುಗಳು ಡೇರೆ ಕೀಳುವ ತನಕವೂ ಮತ್ತೆ ಮತ್ತೆ ಇಳಿದು ತೊಗಟೆ ತಂದಳು. ಸುತ್ತಲೂ ಸುಲಿಸಿಕೊಂಡ ಮರ ನಿಂತಲ್ಲೇ ಒಣಗಿತು. ಚೆನ್ನಿಯನ್ನು ಮಣ್ಣು ಮಾಡಿದ್ದೂ ಅದರ ಬುಡದಲ್ಲೇ. ಮುಂದಿನ ವರ್ಷ ಬೇರುಗಳಿಂದ ಎದ್ದ ಚಿಗುರೇ ಇಂದಿನ ಮೆಳೆ ಎನ್ನುತ್ತಾರೆ.

ಈಗ ಆ ಮರಗಳಿಗೆ ಯಾರೂ ಕತ್ತಿ ತಾಗಿಸುವುದಿಲ್ಲ. ಮೆಳೆಯ ನಡುವೆ ಮೊಣಕಾಲೆತ್ತರದ ಒಂದು ಕಲ್ಲಿದೆ. ಸುತ್ತಲ ಊರುಗಳ ತಾಯಂದಿರು ಮಗುವಿನ ಬಾಯಿಗೆ ಮೊದಲ ತುತ್ತು ಇಡುವ ದಿನ ಇಲ್ಲಿಗೆ ಬಂದು, ಒಂದು ಬೊಗಸೆ ಗಂಜಿಯನ್ನು ಅದರ ಮೇಲೆ ಸುರಿಯುತ್ತಾರೆ. ಕಲ್ಲಿನ ಮೇಲೆ ಅಕ್ಷರವಿಲ್ಲ, ಮೂರ್ತಿಯಿಲ್ಲ. ಒಣಗಿದ ಗಂಜಿಯ ಬಿಳಿ ಕಲೆ ಮಾತ್ರ ಯಾವ ಕಾಲದಲ್ಲೂ ಇರುತ್ತದೆ.