ಸಾಹೇಬರಿಗೆ ಹೆದರುವ ಕಾರು

ಸಾಹೇಬರ ಕಾರು ಒಮ್ಮೆ ಸ್ಟಾರ್ಟ್ ಆದರೆ ಇನ್ನೊಮ್ಮೆ ಆಗುತ್ತಿರಲಿಲ್ಲ. "ಇವತ್ತೂ ಕೈಕೊಟ್ಟರೆ ನಿನ್ನನ್ನ ಮನೆಗೆ ಕಳಿಸ್ತೀನಿ," ಎಂದು ಸಾಹೇಬರು ಗುಡುಗಿ ಹಿಂದಿನ ಸೀಟಿನಲ್ಲಿ ಧೊಪ್ಪನೆ ಕೂತರು. ಡ್ರೈವರ್ ಹುಸೇನಪ್ಪನ ಕಣ್ಣೆದುರೇ ಮೀಟರಿನ ದೀಪ ಆರಿತು.

ಬ್ಯಾಟರಿ ಇರುವುದು ಆ ಸೀಟಿನ ಕೆಳಗೇ. ಸಾಹೇಬರ ಭಾರಕ್ಕೆ ಸಡಿಲವಾದ ವಯರು ಕಳಚಿಕೊಳ್ಳುತ್ತಿದೆ, ಅವರು ಎದ್ದರೆ ಮತ್ತೆ ತಾಗುತ್ತದೆ ಎಂದು ಅವನಿಗೆ ಹೊಳೆಯಿತು. ಹೇಳುವುದು ಹೇಗೆ? ಅವರ ತೂಕದ ಮಾತೆತ್ತಿದ ಹಿಂದಿನ ಡ್ರೈವರು ಈಗ ಊರಲ್ಲೇ ಇಲ್ಲ. ಹುಸೇನಪ್ಪ ಹಿಂದೆ ತಿರುಗಿ ಕೈಮುಗಿದ.

"ಸಾಹೇಬ್ರೇ, ಇದಕ್ಕೂ ನನ್ನ ಹಾಗೇ ನಿಮ್ಮನ್ನ ಕಂಡ್ರೆ ಭಯ. ನೀವು ಕೂತರೆ ಉಸಿರೇ ಬಿಡಲ್ಲ. ಒಂದು ಗಳಿಗೆ ಕೆಳಗಿಳೀರಿ."

ಸಾಹೇಬರು ಇಳಿದರು. ಕಾರು ಗುರ್ರೆಂದಿತು.

"ನೋಡಿದೆಯಾ, ಕಬ್ಬಿಣಕ್ಕೂ ನನ್ನ ಭಯ!" ಎಂದು ಮೀಸೆ ತಿರುವಿದರು.

ಈಗ ದಿನಾ ಕಾರು ಸ್ಟಾರ್ಟ್ ಆಗುವವರೆಗೆ ಹುಸೇನಪ್ಪ ಒಳಗೆ ಕೂತಿರುತ್ತಾನೆ, ಸಾಹೇಬರು ಹೊರಗೆ ನಿಂತಿರುತ್ತಾರೆ. ವಯರು ಬಿಗಿಯುವುದು ಎರಡು ನಿಮಿಷದ ಕೆಲಸ. ಅವನಿನ್ನೂ ಬಿಗಿದಿಲ್ಲ.